‘ಅದೇ ಹೋಬಳಿ’ ಎಂದರೆ ಯಾವ ಹೋಬಳಿ?

ಶಾಸನದ ಗೀಳು ಹತ್ತಿದವರ ಬಾಯಲ್ಲಿ ರಾಜನ ಹೆಸರಿಗಿಂತ ಮೊದಲು ನಂಬರು ಬರುತ್ತದೆ. ಕೋಲಾರ ಇಷ್ಟು, ಮುಳಬಾಗಿಲು ಇಷ್ಟು, ಮಾಲೂರು ಇಷ್ಟು. ತಾಲ್ಲೂಕಿನ ಹೆಸರು, ಪಕ್ಕದಲ್ಲೊಂದು ಅಂಕಿ. ಅಷ್ಟು ಗೊತ್ತಿದ್ದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟ ತೆರೆದು ಬೇಕಾದ ಕಲ್ಲಿನ ಜಾಡು ಹಿಡಿಯಬಹುದು. ಬಿ.ಎಲ್. ರೈಸ್ ಕೋಲಾರ ಜಿಲ್ಲೆಗೆಂದು ಸಿದ್ಧಪಡಿಸಿದ ಈ ಸಂಪುಟ ಅಚ್ಚಾದದ್ದು 1905ರಲ್ಲಿ. ಕನ್ನಡ ಲಿಪಿಯ ಪಾಠ ಒಂದು ಕಡೆ, ರೋಮನ್ ಲಿಪಿಯದು ಇನ್ನೊಂದು ಕಡೆ, ಇಂಗ್ಲಿಷ್ ಅನುವಾದ ಮತ್ತೊಂದು ಕಡೆ. ಮೂರನ್ನೂ ಬೆಸೆದಿರುವುದು ಆ ನಂಬರು ಮಾತ್ರ.

ಈ ವಾರ ಇದನ್ನು ಎತ್ತಿಕೊಳ್ಳಲು ಕಾರಣ ಎಐ ಏಜೆಂಟುಗಳು. ಪ್ರಶ್ನೆ ಕೊಟ್ಟರೆ ತಾವೇ ಒಂದು ಹುಡುಕುವ ಟೂಲನ್ನು ಕರೆದು, ದಾಖಲೆ ತರಿಸಿಕೊಂಡು ಉತ್ತರ ಕಟ್ಟುವ ತಂತ್ರಾಂಶಗಳು ಇವು. ಟೂಲಿಗೆ ಒಂದು ಹೆಸರು, ನಾಲ್ಕು ಸಾಲಿನ ವಿವರಣೆ, ಏನೇನು ತುಂಬಿ ಕಳಿಸಬೇಕೆಂಬ ಪಟ್ಟಿ ಇರುತ್ತದೆ. ಕರೆಯುವ ಮುನ್ನ ಟೂಲಿನ ಬಗ್ಗೆ ಏಜೆಂಟಿಗೆ ತಿಳಿದಿರುವುದು ಬಹುಮಟ್ಟಿಗೆ ಅಷ್ಟೇ. ನಾವಾದರೆ ಊರಿನ ಹಿರಿಯರನ್ನು ಕೇಳುತ್ತೇವೆ, ಅರ್ಚಕರನ್ನು ವಿಚಾರಿಸುತ್ತೇವೆ. ಅದಕ್ಕೆ ಆ ದಾರಿಯಿಲ್ಲ. ಹಾಗಾಗಿ ಟೂಲು ಕಟ್ಟುವುದಕ್ಕಿಂತ ಅದರ ವಿವರಣೆ ಬರೆಯುವುದೇ ಹೆಚ್ಚು ನಾಜೂಕಿನ ಕೆಲಸ ಎಂಬುದು ನನ್ನ ಎಣಿಕೆ. ಬರೆಯುವವರು ರೈಸರ ಸಂಪುಟವನ್ನು ಅಂಥದ್ದೊಂದು ಟೂಲಿನ ಒಳಗಿಟ್ಟು ನೋಡಲಿ, ಬಿಸಿ ತಟ್ಟುತ್ತದೆ.

ಇಂಥ ಟೂಲುಗಳು ಸಾಮಾನ್ಯವಾಗಿ ದೊಡ್ಡ ಗ್ರಂಥವನ್ನು ತುಂಡು ತುಂಡಾಗಿ ಕತ್ತರಿಸಿ, ಪ್ರತಿ ತುಂಡಿನ ಅರ್ಥವನ್ನು ಅಂಕಿಗಳ ಸಾಲಾಗಿ ಮಾಡಿಟ್ಟುಕೊಂಡು, ಪ್ರಶ್ನೆಗೆ ಹತ್ತಿರವಾದುದನ್ನು ಎತ್ತಿ ಕೊಡುತ್ತವೆ. ಸಂಪುಟದಲ್ಲಿ ಪ್ರತಿ ಶಾಸನದ ತಲೆಯ ಮೇಲೆ ಊರು, ಹೋಬಳಿ, ಕಲ್ಲು ನಿಂತ ಜಾಗ ಇರುತ್ತದೆ. ಆದರೆ ಪುಟ ಉಳಿಸಲು ಎಷ್ಟೋ ಕಡೆ ‘ಅದೇ ಹೋಬಳಿ’, ‘ಅದೇ ಗ್ರಾಮ’ ಎಂದಷ್ಟೇ ಇದೆ. ಪುಸ್ತಕ ಹಿಡಿದವರು ಎರಡು ಪುಟ ಹಿಂದಕ್ಕೆ ತಿರುವಿದರೆ ಸಾಕು. ಕತ್ತರಿಸಿದ ತುಂಡಿಗೆ ಹಿಂದಿನ ಪುಟವೇ ಇಲ್ಲ! ಆವಣಿಯ ಕಲ್ಲು ಯಾವ ಊರಿನದೂ ಅಲ್ಲದೆ ಏಜೆಂಟಿನ ಕೈಗೆ ಬರುತ್ತದೆ. ಅದು ಸುಮ್ಮನಿರದೆ ಒಂದು ಊರನ್ನು ಊಹಿಸಿಕೊಂಡರೂ ಆಶ್ಚರ್ಯವಿಲ್ಲ.

ದತ್ತಿ ಶಾಸನಗಳ ಕೊನೆಯ ಶಾಪಾಶಯ ಇದಕ್ಕಿಂತ ತಮಾಷೆ. ದಾನ ಕೆಡಿಸಿದವರಿಗೆ ಇಂಥ ಪಾಪ ಎನ್ನುವ ಆ ಶ್ಲೋಕಗಳು ಕಲ್ಲಿನಿಂದ ಕಲ್ಲಿಗೆ ಹೆಚ್ಚುಕಡಿಮೆ ಅವೇ. ‘ದೇವಸ್ಥಾನಕ್ಕೆ ಭೂಮಿ ಬಿಟ್ಟ ಶಾಸನ’ ಎಂದು ಕೇಳಿದರೆ ಅರ್ಥ ಹತ್ತಿರವೆಂದು ಶಾಪಗಳೇ ಸಾಲಾಗಿ ಬಂದು ಕೂರಬಹುದು. ಕೊಟ್ಟವರು ಯಾರು, ಎಷ್ಟು ಗದ್ದೆ ಎಂಬುದು ಬೇರೆ ತುಂಡಿನಲ್ಲಿ ಉಳಿದಿರುತ್ತದೆ. ಆದ್ದರಿಂದ ಪ್ರತಿ ತುಂಡಿಗೂ ತಾಲ್ಲೂಕು, ನಂಬರು, ಊರು ಅಂಟಿಸಿರಬೇಕು. ಪೂರ್ತಿ ಶಾಸನ ಬೇಕಾದರೆ ನಂಬರು ಕೊಟ್ಟು ಕೇಳಬೇಕೆಂದು ವಿವರಣೆಯಲ್ಲಿ ಬರೆದಿರಬೇಕು.

ಇನ್ನು ತಾಲ್ಲೂಕುಗಳ ಗೋಜಲು. ಸಂಪುಟದ ಕೋಲಾರ ಜಿಲ್ಲೆಯಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಎಲ್ಲವೂ ಇವೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಬಂಗಾರಪೇಟೆ ಅಲ್ಲಿ ಬೌರಿಂಗ್‌ಪೇಟೆ. ಶ್ರೀನಿವಾಸಪುರಕ್ಕೆ ದಿವಾನ್ ಪೂರ್ಣಯ್ಯ ತಮ್ಮ ಮಗನ ಹೆಸರಿಡುವ ಮೊದಲು ಅದು ಪಾಪನಪಲ್ಲಿ. ಗಂಗರ ಬಿರುದಿನಲ್ಲಿ ಕೋಲಾರ ಇರುವುದು ಕುವಳಾಲವಾಗಿ. ಈಗಿನ ಕಾಗುಣಿತ ಹಾಕಿ ಹುಡುಕಿದರೆ ಱ, ೞ ಇರುವ ಹಳಗನ್ನಡದ ಪದ ಸಿಗುತ್ತದೆಯೇ? ಕೋಲಾರಮ್ಮನ ಗುಡಿಯ ಚೋಳರ ಕಾಲದ ತಮಿಳು ಶಾಸನಗಳನ್ನು ಕನ್ನಡದ ಪ್ರಶ್ನೆ ಮುಟ್ಟುತ್ತದೆಯೇ? ಟೂಲಿನ ವಿವರಣೆ ಹೌದು ಅಥವಾ ಇಲ್ಲ ಎಂದು ನೇರವಾಗಿ ಹೇಳಬೇಕು. ನಾನು ನೋಡಿದ ಹೆಚ್ಚಿನ ವಿವರಣೆಗಳು ‘ದಾಖಲೆಗಳನ್ನು ಹುಡುಕುತ್ತದೆ’ ಎಂಬ ಒಂದು ಸಾಲಿಗೆ ನಿಂತುಬಿಡುತ್ತವೆ. ಹುಡುಕದೆ ಇನ್ನೇನು ಮಾಡೀತು?

ತೇದಿ ಖಚಿತವಿಲ್ಲದ ಕಡೆ ರೈಸ್ ಇಸವಿಯ ಹಿಂದೆ ಒಂದು ಪ್ರಶ್ನಾರ್ಥಕ ಚಿಹ್ನೆ, ‘ಸುಮಾರು’ ಎಂಬ ಮಾತು ಇಟ್ಟರು. ಇಡೀ ಸಂಪುಟದಲ್ಲಿ ನನಗೆ ಅತ್ಯಂತ ಪ್ರಿಯವಾದ ಗುರುತು ಅದು. ಇಸವಿಯನ್ನು ಬರೀ ಅಂಕಿಯ ಕಾಲಮ್ಮಿಗೆ ತುಂಬಿದ ಕೂಡಲೇ ಆ ಚಿಹ್ನೆ ಉದುರಿಹೋಗುತ್ತದೆ, ಅನುಮಾನ ಇತಿಹಾಸವಾಗಿಬಿಡುತ್ತದೆ. ಟೂಲು ಅದನ್ನು ಉಳಿಸಿಕೊಡಬೇಕು, ಉತ್ತರದಲ್ಲೂ ಉಳಿಸೆಂದು ಏಜೆಂಟಿಗೆ ಹೇಳಬೇಕು.

ಹಾಗೆಯೇ, ಏನೂ ಸಿಗದಿದ್ದಾಗ ಬರುವ ಉತ್ತರ. 1905ರ ಸಂಪುಟದಲ್ಲಿಲ್ಲದ ಕೋಲಾರದ ಶಾಸನಗಳು 17ನೇ ಸಂಪುಟದಲ್ಲಿ ಪೂರಕವಾಗಿ ಬಂದಿವೆ. ಮೊದಲನೆಯದನ್ನು ಮಾತ್ರ ತುಂಬಿಕೊಂಡ ಟೂಲು ‘ಈ ಊರಿನಲ್ಲಿ ಶಾಸನವಿಲ್ಲ’ ಎಂದರೆ ಸುಳ್ಳು. ‘ನನ್ನಲ್ಲಿರುವ ಸಂಪುಟದಲ್ಲಿ ಸಿಗಲಿಲ್ಲ’ ಎಂದರೆ ಸರಿ.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಓದುಗರಲ್ಲಿ ಒಂದು ಕೋರಿಕೆ. ರಸ್ತೆ ಅಗಲ ಮಾಡಿದಾಗಲೋ ಗುಡಿ ಜೀರ್ಣೋದ್ಧಾರವಾದಾಗಲೋ ನಿಮ್ಮೂರಿನ ಕಲ್ಲು ಜಾಗ ಬದಲಿಸಿದ್ದರೆ ಫೋಟೊ ತೆಗೆದು ಸುಮ್ಮನಾಗಬೇಡಿ. ಹಳೆಯ ನಂಬರಿನ ಎದುರು ಹೊಸ ಜಾಗವನ್ನು ಊರು, ಹೋಬಳಿ ಸಮೇತ ಬರೆದಿಡಿ. ‘ಅದೇ ಹೋಬಳಿ’ ಎಂದು ಮಾತ್ರ ಬರೆಯಬೇಡಿ.