ಪಾನಿಪತ್ತಿನ ಗುಂಡು, ಬಾದಾಮಿಯ ಕೋಟೆ

ಖಗೋಳ ವಿಜ್ಞಾನಿ ಜಯಂತ ನಾರಳೀಕರ್ 2025ರ ಮೇ ತಿಂಗಳಲ್ಲಿ ಪುಣೆಯಲ್ಲಿ ನಿಧನರಾದರು. ವಿಜ್ಞಾನಿಯಾಗಿ ಅವರ ಹೆಸರು ಜಗತ್ತಿಗೆ ಗೊತ್ತು. ಆದರೆ ಅವರು ಮರಾಠಿಯಲ್ಲಿ ಬರೆದ 'ಗಂಗಾಧರಪಂತಾಂಚೆ ಪಾನಿಪತ' ಎಂಬ ಕಥೆ 'ದಿ ಅಡ್ವೆಂಚರ್' ಎಂಬ ಹೆಸರಿನಲ್ಲಿ ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಇಂಗ್ಲಿಷ್ ಪಠ್ಯಕ್ಕೆ ಸೇರಿ, ಅವರ ವಿಜ್ಞಾನ ತಲುಪದ ಮನೆಗಳನ್ನೂ ತಲುಪಿದೆ. ಇಲ್ಲಿ ಚರ್ಚಿಸುತ್ತಿರುವುದು ಆ ಪಠ್ಯದಲ್ಲಿರುವ ರೂಪವನ್ನು.

ಕಥೆ ಸರಳ. ಪುಣೆಯ ಇತಿಹಾಸದ ಪ್ರಾಧ್ಯಾಪಕ ಗಂಗಾಧರಪಂತ ಗಾಯತೊಂಡೆ ಲಾರಿಯೊಂದಕ್ಕೆ ಡಿಕ್ಕಿ ಹೊಡೆದು ಇನ್ನೊಂದು ಭಾರತಕ್ಕೆ ಹೋಗಿಬಿಡುತ್ತಾರೆ. ಅಲ್ಲಿ ಮುಂಬೈ ಇನ್ನೂ ಈಸ್ಟ್ ಇಂಡಿಯಾ ಕಂಪೆನಿಯ ಕೈಯಲ್ಲಿದೆ, ಉಳಿದ ದೇಶ ಸ್ವತಂತ್ರವಾಗಿದೆ. ಇದಕ್ಕೆ ಕಾರಣವನ್ನು ಅವರು ಗ್ರಂಥಾಲಯದಲ್ಲಿ ಹುಡುಕುತ್ತಾರೆ. 1761ರ ಜನವರಿ 14ರಂದು ಪಾನಿಪತ್ತಿನಲ್ಲಿ ಪೇಶ್ವೆಯ ಹಿರಿಯ ಮಗ ವಿಶ್ವಾಸರಾಯನನ್ನು ಕೊಂದ ಗುಂಡು ಆ ಭಾರತದಲ್ಲಿ ಅವನ ಕಿವಿಯನ್ನು ಸವರಿಕೊಂಡು ಹೋಗಿದೆ. ಯುದ್ಧವನ್ನು ಮರಾಠರು ಗೆದ್ದಿದ್ದಾರೆ. ವಿಶ್ವಾಸರಾಯ ಮತ್ತು ತಮ್ಮ ಮಾಧವರಾಯ ಸೇರಿ ದೇಶದುದ್ದಕ್ಕೂ ಪ್ರಭಾವ ಬೆಳೆಸಿ, ಕಂಪೆನಿಯನ್ನು ಪೋರ್ಚುಗೀಸರಂತೆ, ಫ್ರೆಂಚರಂತೆ ಕರಾವಳಿಯ ಮೂಲೆಗಳಿಗೆ ತಳ್ಳಿದ್ದಾರೆ.

ಕಥೆಯಲ್ಲಿ ದ್ವೇಷವಿಲ್ಲ ಎಂಬುದನ್ನು ಮೊದಲು ಹೇಳಬೇಕು. 'ಹೀಗಾಗಿದ್ದರೆ' ಎಂಬ ಮಾತು ಇವತ್ತು ಹೆಚ್ಚಾಗಿ ಯಾರನ್ನಾದರೂ ಇತಿಹಾಸದಿಂದ ಹೊರಗಟ್ಟಲು ಬಳಕೆಯಾಗುತ್ತಿದೆ. ನಾರಳೀಕರ್ ಹಾಗೆ ಮಾಡುವುದಿಲ್ಲ. ಅವರ ಭಾರತದಲ್ಲಿ ದಿಲ್ಲಿಯ ಬಾದಶಹ ಹೆಸರಿಗಷ್ಟೇ ಆದರೂ ಉಳಿದಿದ್ದಾನೆ. ರೈಲಿನಲ್ಲಿ ಗಂಗಾಧರಪಂತರಿಗೆ ಜೊತೆಯಾಗುವ ಖಾನ್ ಸಾಹೇಬರು ದಿಲ್ಲಿ, ಲಾಹೋರ್ ದಾಟಿ ಪೇಶಾವರಕ್ಕೆ ಹೊರಟಿದ್ದಾರೆ. ಈ ದಾರಿಯಲ್ಲಿ ಗಡಿಯ ಮಾತೇ ಬರುವುದಿಲ್ಲ. ವಿಭಜನೆ ಎಂಬ ಪದವನ್ನೇ ಬಳಸದೆ ವಿಭಜನೆಯ ನೋವನ್ನು ಮುಟ್ಟಿರುವ ರೀತಿ ಇದು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ಪ್ರಯಾಣಿಕರೇ.

ಕಥೆಯ ತೊಡಕು ಕಾಣುವುದು ಅದನ್ನು ಪುಣೆಯಿಂದಲ್ಲದೆ ಬಾಗಲಕೋಟೆಯಿಂದ ಓದಿದಾಗ. ಈ ಕಥೆಯಲ್ಲಿ ಮೈಸೂರು ಇಲ್ಲ. ಹೈದರಲಿ, ಟಿಪೂ ಇಲ್ಲ. ಪಾನಿಪತ್ತಿನಿಂದ ಸ್ವತಂತ್ರ ಭಾರತಕ್ಕೆ ಒಂದೇ ನೆಗೆತ. ದಕ್ಷಿಣದಲ್ಲಿ ಆ ನಲವತ್ತು ವರ್ಷ ಕಂಪೆನಿಯೊಡನೆ ಯಾರು ಕಾದಾಡಿದರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಇನ್ನೊಂದು ಸಂಗತಿ. ವಿಶ್ವಾಸರಾಯ ಸತ್ತಿದ್ದರಿಂದಲೇ ಮಾಧವರಾಯ ಪೇಶ್ವೆಯಾದ. 1761ರಲ್ಲಿ ಪಟ್ಟಕ್ಕೆ ಬಂದಾಗ ಅವನಿಗೆ ಹದಿನಾರು ವರ್ಷ. ಮುಂದಿನ ಹತ್ತೇ ವರ್ಷಗಳಲ್ಲಿ ನಿಜಾಮನನ್ನು ಮಣಿಸಿ, ಹೈದರಲಿಯ ಮೇಲೆ ಮತ್ತೆ ಮತ್ತೆ ದಂಡೆತ್ತಿ ಬಂದು, ಪಾನಿಪತ್ತಿನ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಂಡ. ಅಂದರೆ ಪಾನಿಪತ್ತಿನ ಗುಂಡು ಮರಾಠರಿಗೆ ಅವರ ಅತ್ಯಂತ ಸಮರ್ಥ ಪೇಶ್ವೆಗಳಲ್ಲೊಬ್ಬನನ್ನು ಕೊಟ್ಟಿತು. ಅವನನ್ನು ಕಿತ್ತುಕೊಂಡದ್ದು ಕ್ಷಯರೋಗ. 1772ರ ನವೆಂಬರ್ 18ರಂದು ಪುಣೆಯ ಹತ್ತಿರದ ಥೇಊರಿನಲ್ಲಿ ಇಪ್ಪತ್ತೇಳನೇ ವಯಸ್ಸಿಗೆ ಅವನು ತೀರಿಕೊಂಡ. ಮರಾಠರ ಇತಿಹಾಸ ಬರೆದ ಗ್ರಾಂಟ್ ಡಫ್ ಈ ಸಾವು ಪಾನಿಪತ್ತಿಗಿಂತ ಕಡಿಮೆ ಹಾನಿಯದಲ್ಲ ಎಂದು 1826ರಲ್ಲೇ ತೀರ್ಪು ಕೊಟ್ಟಿದ್ದ. ಆದರೆ ಕ್ಷಯಕ್ಕೆ ಗುರಿ ತಪ್ಪುವುದು ಗೊತ್ತಿಲ್ಲ. ಕಥೆಗಾರನಿಗೆ ಕೂದಲೆಳೆಯ ಅಂತರದಲ್ಲಿ ತಪ್ಪಿಸಿಕೊಳ್ಳುವ ಒಂದು ಕ್ಷಣ ಬೇಕು. ಗುಂಡು ಅದನ್ನು ಒದಗಿಸುತ್ತದೆ. ಹೀಗಾಗಿ ಕಥೆ ಗುಂಡನ್ನು ಆರಿಸಿಕೊಂಡಿತು, ರೋಗವನ್ನು ಬಿಟ್ಟಿತು.

ಈ ಮಾಧವರಾಯ ಹುಟ್ಟಿದ್ದು ನಮ್ಮ ಸವಣೂರಿನಲ್ಲಿ, 1745ರಲ್ಲಿ. ತಾಯಿ ಗೋಪಿಕಾಬಾಯಿ ರಾಸ್ತೆ ಮನೆತನದವಳು. ಬಾಗಲಕೋಟೆ ಸೀಮೆಯ ಆಡಳಿತದಲ್ಲಿ ಮುಂದೆ ಹೆಸರು ಮಾಡಿದ ರಾಸ್ತೆಯವರು ಇವರೇ. ಅವನ ಸಾವಿನ ಪರಿಣಾಮವನ್ನು ಊಹಿಸಬೇಕಾಗಿಲ್ಲ, ಈ ಭಾಗದ ಕೋಟೆಗಳ ಮೇಲೆ ಅದನ್ನು ಓದಬಹುದು. ಅವನು ಸತ್ತ ಒಂಬತ್ತೇ ತಿಂಗಳಿಗೆ, 1773ರ ಆಗಸ್ಟ್‌ನಲ್ಲಿ, ಪಟ್ಟವೇರಿದ್ದ ತಮ್ಮ ನಾರಾಯಣರಾಯನ ಕೊಲೆಯಾಯಿತು. ಚಿಕ್ಕಪ್ಪ ರಘುನಾಥರಾಯ ಹೈದರನ ಬೆಂಬಲಕ್ಕಾಗಿ ಮಾಧವರಾಯ ಗೆದ್ದ ನೆಲವನ್ನೇ ಬಿಟ್ಟುಕೊಡಲು ಮುಂದಾದ. 1775ರಲ್ಲಿ ಸೂರತ್ತಿನಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡ. ಪುಣೆ ಹೀಗೆ ಮನೆಜಗಳದಲ್ಲಿ ಮುಳುಗಿದ್ದಾಗ ಹೈದರ್ ತುಂಗಭದ್ರೆಯನ್ನು ದಾಟಿ ಬಂದ. 1778ರ ಹೊತ್ತಿಗೆ ಬಾದಾಮಿ, ಬಾಗಲಕೋಟೆ ಸೇರಿ ಕೃಷ್ಣೆಯ ದಕ್ಷಿಣ ದಂಡೆಯವರೆಗಿನ ನಾಡು ಅವನದಾಯಿತು. ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಸಿಕೊಂಡು ಹರಿಯುವ ಆ ಹೊಳೆಯೇ ಎರಡು ರಾಜ್ಯಗಳ ಗಡಿ. ಹುನಗುಂದ, ಇಳಕಲ್ ಅದರ ಬುಡದಲ್ಲಿ.

1780ರಲ್ಲಿ ಇದೇ ನೆಲ ಚೌಕಾಶಿಯ ವಸ್ತುವಾಯಿತು. ಇಂಗ್ಲಿಷರ ವಿರುದ್ಧ ಹೈದರನ ನೆರವು ಬೇಕಾಗಿದ್ದ ನಾನಾ ಫಡ್ನವೀಸ್ ಕೃಷ್ಣೆಯ ದಕ್ಷಿಣದ ಮೇಲಿನ ಅವನ ಹಿಡಿತವನ್ನು ಒಪ್ಪಿಕೊಂಡ. ಅದೇ ವರ್ಷ ಹೈದರ್ ಆರ್ಕಾಟಿನ ಸೀಮೆಗೆ ನುಗ್ಗಿದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ಸಂಪೂರ್ಣ ನಾಶವಾಯಿತು. ಭಾರತದಲ್ಲಿ ಕಂಪೆನಿ ಅಂಥ ಪೆಟ್ಟನ್ನು ಅದುವರೆಗೆ ತಿಂದಿರಲಿಲ್ಲ.

ಈಗ 'ಹೀಗಾಗಿದ್ದರೆ' ಎಂದು ಕೇಳೋಣ. ಮಾಧವರಾಯ ಬದುಕಿದ್ದರೆ? ರಘುನಾಥರಾಯ ಇಂಗ್ಲಿಷರ ಬಾಗಿಲು ತಟ್ಟುತ್ತಿರಲಿಲ್ಲ, ಮುಂಬೈಯ ಕಂಪೆನಿಗೆ ಪುಣೆಯ ರಾಜಕೀಯದಲ್ಲಿ ಕೈಹಾಕಲು ಅಷ್ಟು ಸುಲಭದ ನೆಪ ಸಿಗುತ್ತಿರಲಿಲ್ಲ. ಇದು ನಾರಳೀಕರ್ ಕಥೆಗೆ ಒಪ್ಪುವ ಉತ್ತರ. ಆದರೆ ಹೈದರ್ ಕೃಷ್ಣೆಯವರೆಗೆ ಬೆಳೆಯುತ್ತಲೂ ಇರಲಿಲ್ಲ. 1771ರ ಮಾರ್ಚ್‌ನಲ್ಲಿ ಮೇಲುಕೋಟೆಯ ಹತ್ತಿರ ಚಿನಕುರಳಿಯಲ್ಲಿ ಸೋತು, ಮರುವರ್ಷ ಹಣ, ನೆಲ ಎರಡನ್ನೂ ಕೊಟ್ಟು ಸಂಧಿ ಮಾಡಿಕೊಂಡವನು ಅವನು. ಅಂಥ ಸಾಮಂತಪ್ರಾಯ ಹೈದರನಿಂದ ಪೊಳ್ಳಿಲೂರು ಸಾಧ್ಯವಿತ್ತೆ? ಮುಂಬೈಯಲ್ಲಿ ಕಂಪೆನಿ ಕುಗ್ಗುತ್ತಿದ್ದ ಅದೇ ಕಾಲಕ್ಕೆ ಮದ್ರಾಸಿನಲ್ಲಿ ಅದು ನೆಮ್ಮದಿಯಿಂದ ಬೇರೂರುತ್ತಿತ್ತೇನೋ. ಕಂಪೆನಿಯನ್ನು ನಡುಗಿಸಿದ ಮೈಸೂರು ಒಂದರ್ಥದಲ್ಲಿ ಮಾಧವರಾಯನ ಸಾವಿನ ಕೂಸು. ಒಬ್ಬನಿಗೆ ಆಯಸ್ಸು ಕೊಟ್ಟರೆ ಇನ್ನೊಬ್ಬನ ಬಲ ಕಡಿಮೆಯಾಗುತ್ತದೆ ಎಂಬ ಈ ಲೆಕ್ಕ ಕಥೆಯಲ್ಲಿ ಇಲ್ಲ. ಅಲ್ಲಿ ಬರೀ ಜಮಾ, ಖರ್ಚೇ ಇಲ್ಲ.

ಸಾವು ತಾನೊಂದೇ ರಾಜ್ಯಗಳನ್ನು ಉರುಳಿಸುತ್ತದೆಯೇ ಎಂಬುದನ್ನೂ ಕೇಳಬೇಕು. ಮಾಧವರಾಯ ಸತ್ತ ಹತ್ತು ವರ್ಷಕ್ಕೆ, 1782ರ ಡಿಸೆಂಬರ್ 7ರಂದು, ಹೈದರ್ ಚಿತ್ತೂರಿನ ಬಳಿಯ ಬಿಡಾರದಲ್ಲಿ, ಯುದ್ಧದ ನಡುವೆಯೇ ಸತ್ತ. ಮಲಬಾರಿನ ಕಡೆಯಲ್ಲಿದ್ದ ಟಿಪೂ ಬರುವವರೆಗೆ ಸಾವನ್ನು ಸೈನ್ಯಕ್ಕೆ ತಿಳಿಸದೆ ಪೂರ್ಣಯ್ಯ ಮತ್ತಿತರ ಅಧಿಕಾರಿಗಳು ವ್ಯವಸ್ಥೆಯನ್ನು ಕಾದರು. ಸೇನೆ ಚದುರಲಿಲ್ಲ, ಖಜಾನೆ ಲೂಟಿಯಾಗಲಿಲ್ಲ. ಹೊರಗಿನ ಪರಿಣಾಮ ಮಾತ್ರ ಆಗಿಯೇ ಆಯಿತು. ಮೇ ತಿಂಗಳಲ್ಲೇ ಬರೆದಿದ್ದ ಸಾಲಬಾಯಿ ಒಪ್ಪಂದಕ್ಕೆ ಮೊಹರು ಹಾಕದೆ ಕಾಯುತ್ತಿದ್ದ ನಾನಾ, ಹೈದರ್ ಸತ್ತ ಮೇಲೆ ಹಾಕಿದ. ಫ್ರೆಂಚ್ ಸೇನಾನಿ ಬುಸ್ಸಿ ಕಡಲೂರಿಗೆ ಬಂದಿಳಿದಾಗ ಹೈದರ್ ಸತ್ತು ಮೂರು ತಿಂಗಳಾಗಿತ್ತು. ಆ ಬೇಸಿಗೆಯಲ್ಲೇ ಯುರೋಪಿನ ಸಂಧಿಯ ಸುದ್ದಿ ಬಂದು ಫ್ರೆಂಚರು ಹಿಂದೆ ಸರಿದರು. ಇಷ್ಟಾದರೂ ಟಿಪೂ 1784ರ ಮಾರ್ಚ್‌ನ ಮಂಗಳೂರು ಒಪ್ಪಂದದಲ್ಲಿ ಕಂಪೆನಿಯೊಡನೆ ಸಮಾನನಾಗಿ ಕುಳಿತ. ಪುಣೆಯಲ್ಲಿ ಸಾವಿನ ಹಿಂದೆ ಕೊಲೆ ಬಂತು, ಶ್ರೀರಂಗಪಟ್ಟಣದಲ್ಲಿ ಉತ್ತರಾಧಿಕಾರಿ ಬಂದ. ವ್ಯತ್ಯಾಸ ಸಾವಿನಲ್ಲಿರಲಿಲ್ಲ, ಮನೆಯೊಳಗೆ ಏನಿತ್ತು ಎಂಬುದರಲ್ಲಿತ್ತು. ವಿಶ್ವಾಸರಾಯ ಬದುಕಿದ್ದರೂ ರಘುನಾಥರಾಯ ಅದೇ ಮನೆಯಲ್ಲಿರುತ್ತಿದ್ದ. ನಾರಳೀಕರ್ ಅವನನ್ನು ಒಂದೇ ಮಾತಿನಲ್ಲಿ ಹಿನ್ನೆಲೆಗೆ ಸರಿಸಿಬಿಟ್ಟಿದ್ದಾರೆ.

ಇದನ್ನೆಲ್ಲ ಹಿಂದೂ–ಮುಸ್ಲಿಂ ಕಾಳಗವಾಗಿ ಓದುವವರಿಗೆ ಬಾದಾಮಿ ತೊಂದರೆ ಕೊಡುವ ಊರು. 1786ರ ಮೇ ತಿಂಗಳಲ್ಲಿ ಟಿಪೂನ ಕೈಯಲ್ಲಿದ್ದ ಈ ಕೋಟೆಯನ್ನು ಮುತ್ತಿದವರಲ್ಲಿ ಮರಾಠರ ಜೊತೆಗೆ ಹೈದರಾಬಾದಿನ ನಿಜಾಮನ ಸೈನ್ಯವೂ ಇತ್ತು. ಹೈದರನೊಡನೆ ಮದುವೆಯ ನಂಟು ಬೆಳೆಸಿದ್ದ ಸವಣೂರಿನ ನವಾಬ ಅದೇ ವರ್ಷ ಟಿಪೂನನ್ನು ಬಿಟ್ಟು ಮರಾಠರ ಕಡೆ ಹೋದ. ಪಾನಿಪತ್ತಿನಲ್ಲಿ ಮರಾಠರ ಫಿರಂಗಿದಳದ ಮುಖ್ಯಸ್ಥನಾಗಿದ್ದು ಪ್ರಾಣ ಕೊಟ್ಟವನು ಇಬ್ರಾಹಿಂ ಖಾನ್ ಗಾರ್ದಿ. 1787ರ ಗಜೇಂದ್ರಗಡದ ಒಪ್ಪಂದದಲ್ಲಿ ಬಾದಾಮಿ ಮರಾಠರಿಗೆ ಹೋಯಿತು. 1818ರಲ್ಲಿ ಮನ್ರೋ ಬಂದು ಅದನ್ನು ಕಂಪೆನಿಗೆ ಸೇರಿಸಿದ. ನಲವತ್ತೇ ವರ್ಷಗಳಲ್ಲಿ ನಾಲ್ಕು ಬಾವುಟ ಕಂಡ ಊರಿದು. ಪ್ರತಿ ಬಾವುಟದ ಕೆಳಗೂ ಕಂದಾಯ ಕಟ್ಟಿದವನು ಅದೇ ರೈತ.

ನಮ್ಮವರಲ್ಲೂ ಇಂಥ ಕನಸುಗಾರರಿಲ್ಲದಿಲ್ಲ. 1799ರಲ್ಲಿ ಟಿಪೂ ಉಳಿದಿದ್ದರೆ ದೇಶ ಉಳಿಯುತ್ತಿತ್ತು ಎಂದು ವೇದಿಕೆಗಳಲ್ಲಿ ಹೇಳುವವರು, ಆ ದೇಶದಲ್ಲಿ ನರಗುಂದ, ಕಿತ್ತೂರು ಎಲ್ಲಿರುತ್ತಿದ್ದವು ಎಂದು ಹೇಳುವುದಿಲ್ಲ. ನಾರಳೀಕರ್ ಕಥೆಗೆ ಕೇಳಿದ ಪ್ರಶ್ನೆಯನ್ನೇ ಅವರಿಗೂ ಕೇಳಬೇಕಾಗುತ್ತದೆ.

ಗಂಗಾಧರಪಂತರ ರೈಲು ಪುಣೆಯಿಂದ ಮುಂಬೈಗೆ ಹೋಯಿತು. ಅವರು ದಕ್ಷಿಣದ ಗಾಡಿ ಹತ್ತಿದ್ದರೆ? ನಮ್ಮ ಇತಿಹಾಸದಲ್ಲಿ ಹೋಟಗಿಯಿಂದ ಬಿಜಾಪುರ, ಬಾಗಲಕೋಟೆ, ಬಾದಾಮಿ ಮೂಲಕ ಗದಗಿಗೆ ಹಳಿ ಹಾಕಿದ ಕಂಪೆನಿಯ ಹೆಸರು ಸದರ್ನ್ ಮರಾಠಾ ರೈಲ್ವೆ. ಅಚ್ಚಕನ್ನಡದ ನಾಡನ್ನು ಇಂಗ್ಲಿಷರು ಮರಾಠಾ ದೇಶವೆಂದೇ ಕರೆದರು, ಪೇಶ್ವೆಯರಿಂದ ಗೆದ್ದ ಭೂಮಿ ಎಂಬ ಕಾರಣಕ್ಕೆ. ಆ ಹಣೆಪಟ್ಟಿ ಕಳಚಿ ಕರ್ನಾಟಕ ಸೇರಲು 1956 ಬರಬೇಕಾಯಿತು. ಪೇಶ್ವೆಯರು ಸೋಲದ ಭಾರತದಲ್ಲಿ ಗಂಗಾಧರಪಂತರು ಬಾಗಲಕೋಟೆಯಲ್ಲಿ ಇಳಿದಿದ್ದರೆ, ನಿಲ್ದಾಣದ ಫಲಕ ಯಾವ ಭಾಷೆಯಲ್ಲಿರುತ್ತಿತ್ತು?