ಪ್ರಧಾನ ವಾಕ್ಯಕ್ಕೆ ‘ಪೂರ್ಣ ಅರ್ಥ’ ಬೇಕಿಲ್ಲ

ಇಂಗ್ಲಿಷ್ ವಾಕ್ಯದಲ್ಲಿ ಪ್ರಧಾನ ಯಾವುದು, ಅಧೀನ ಯಾವುದು ಎಂದು ಬಿಡಿಸುವ ಕೆಲಸ ಕ್ರಿಯಾಪದದಿಂದ ಶುರುವಾಗಬೇಕು, ಅರ್ಥದಿಂದಲ್ಲ. ಮೊದಲು ಕಾಲವನ್ನು ಹೊತ್ತ ಪೂರ್ಣಕ್ರಿಯಾಪದಗಳನ್ನು ಎಣಿಸಬೇಕು. ‘ಷಿ ಸೆಡ್ ಷಿ ವುಡ್ ಕಮ್ ಟು ಹೆಲ್ಪ್ ಅಸ್’ ಎಂಬಲ್ಲಿ ‘ಸೆಡ್’ ಒಂದು, ‘ವುಡ್ ಕಮ್’ ಇನ್ನೊಂದು. ‘ಟು ಹೆಲ್ಪ್’ ಕಾಲವನ್ನು ತೋರಿಸುವುದಿಲ್ಲ. ಹೊಸ ವ್ಯಾಕರಣಗಳು ಅದನ್ನೂ ಒಂದು ಬಗೆಯ ಅಧೀನ ವಾಕ್ಯವೆಂದೇ ಗಣಿಸುತ್ತವೆ, ಶಾಲೆಯ ವ್ಯಾಕರಣ ಅದನ್ನು ಪದಪುಂಜವೆಂದು ಕರೆದು ಪಕ್ಕಕ್ಕಿಡುತ್ತದೆ. ಇಲ್ಲಿನ ಮಟ್ಟಿಗೆ ಶಾಲೆಯ ಲೆಕ್ಕವೇ ಸಾಕು. ಪೂರ್ಣಕ್ರಿಯಾಪದ ಎರಡಿದ್ದರೆ ವಾಕ್ಯಖಂಡಗಳೂ ಎರಡು. ಇಷ್ಟರವರೆಗೆ ಯಾರದೂ ತಕರಾರಿಲ್ಲ.

ತಕರಾರು ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. ಭಾರತದ ತರಗತಿಗಳಲ್ಲಿ ತಲೆಮಾರುಗಳಿಂದ ಕಲಿಸುತ್ತ ಬಂದ ಸೂತ್ರ ಒಂದೇ: ತಾನೇ ನಿಂತು ಪೂರ್ಣ ಅರ್ಥ ಕೊಡುವುದು ಪ್ರಧಾನ, ಹಾಗೆ ನಿಲ್ಲಲಾರದ್ದು ಅಧೀನ. 1924ರ ‘ಬೋ ಜೆಸ್ಟ್’ ಕಾದಂಬರಿಯ ಲೇಖಕ ಪಿ. ಸಿ. ರೆನ್ ಮತ್ತು ಎಚ್. ಮಾರ್ಟಿನ್ ಸೇರಿ ಬರೆದ ಹೈಸ್ಕೂಲು ವ್ಯಾಕರಣ ಈ ಸೂತ್ರವನ್ನು ಮನೆಮನೆಗೆ ತಲುಪಿಸಿತು. ಅವರಿಗೂ ಹಿಂದೆ ನೆಸ್‌ಫೀಲ್ಡನ ಪುಸ್ತಕಗಳು ವಾಕ್ಯ ವಿಂಗಡಣೆಯನ್ನು ಪರೀಕ್ಷೆಯ ಖಾಯಂ ಪ್ರಶ್ನೆಯನ್ನಾಗಿಸಿದ್ದವು. ಆ ಪುಸ್ತಕಗಳು ಕೊಟ್ಟ ಶಿಸ್ತು ದೊಡ್ಡದು. ಅಭ್ಯಾಸಗಳ ಸಮೃದ್ಧಿಯಲ್ಲಿ ರೆನ್ ಮತ್ತು ಮಾರ್ಟಿನ್‌ಗೆ ಸರಿಗಟ್ಟುವ ಶಾಲಾಪುಸ್ತಕ ಸಿಗುವುದು ಕಷ್ಟ. ಆದರೆ ಪೂರ್ಣ ಅರ್ಥದ ಸೂತ್ರ ಮಾತ್ರ ತಪ್ಪು, ಅದೂ ಎರಡೂ ದಿಕ್ಕಿನಲ್ಲಿ ತಪ್ಪು.

‘ವಾಟ್ ಹಿ ಸೆಡ್ ಈಸ್ ಟ್ರೂ’ ಎಂಬ ಐದು ಪದದ ವಾಕ್ಯವನ್ನೇ ತೆಗೆದುಕೊಳ್ಳಬಹುದು. ‘ವಾಟ್ ಹಿ ಸೆಡ್’ ಅಧೀನ ಎಂಬುದರಲ್ಲಿ ಅನುಮಾನವಿಲ್ಲ. ಅದನ್ನು ಕಿತ್ತರೆ ಉಳಿಯುವುದು ‘ಈಸ್ ಟ್ರೂ’. ಇದಕ್ಕೆ ಕರ್ತೃವೇ ಇಲ್ಲ, ಪೂರ್ಣ ಅರ್ಥ ಎಲ್ಲಿಂದ ಬರಬೇಕು? ‘ಷಿ ಥಿಂಕ್ಸ್ ಹಿ ಈಸ್ ಎ ಡಾಕ್ಟರ್’ ಎಂಬಲ್ಲಿ ಸಂಕಟ ಇನ್ನೂ ಹೆಚ್ಚು. ಇಲ್ಲಿ ‘ಹಿ ಈಸ್ ಎ ಡಾಕ್ಟರ್’ ಒಂಟಿಯಾಗಿ ಲಕ್ಷಣವಾಗಿ ನಿಲ್ಲುತ್ತದೆ, ‘ಷಿ ಥಿಂಕ್ಸ್’ ಅರ್ಧಕ್ಕೆ ನಿಂತ ಮಾತಿನಂತೆ ಕೇಳುತ್ತದೆ. ಸೂತ್ರವನ್ನು ನಿಷ್ಠೆಯಿಂದ ಅನ್ವಯಿಸಿದ ವಿದ್ಯಾರ್ಥಿ ‘ಹಿ ಈಸ್ ಎ ಡಾಕ್ಟರ್’ ಪ್ರಧಾನವೆಂದು ಬರೆದು ಅಂಕ ಕಳೆದುಕೊಳ್ಳುತ್ತಾನೆ. ಸೂತ್ರವನ್ನು ಮರೆತು ಊಹಿಸಿದವನಿಗೆ ಅಂಕ ಸಿಗುತ್ತದೆ. ಪಾಠ ಕೇಳಿದವನನ್ನು ದಂಡಿಸುವ ಸೂತ್ರವನ್ನು ಇನ್ನೂ ಬೋರ್ಡಿನ ಮೇಲೆ ಬರೆಯುತ್ತಿರುವುದು ಬೇಸರದ ಸಂಗತಿ.

ಡೆನ್ಮಾರ್ಕಿನ ಓಟೋ ಯೆಸ್ಪರ್ಸೆನ್ ತನ್ನ ‘ದ ಫಿಲಾಸಫಿ ಆಫ್ ಗ್ರಾಮರ್’ ಎಂಬ 1924ರ ಪುಸ್ತಕದಲ್ಲಿಯೇ ಈ ಗಂಟನ್ನು ಬಿಚ್ಚಿದ್ದ. ಇಂಗ್ಲಿಷ್ ವ್ಯಾಕರಣದ ಬಗ್ಗೆ ಒಂದೇ ಒಂದು ಪುಸ್ತಕ ಓದಲು ಪುರುಸೊತ್ತಿರುವವರು ಓದಬೇಕಾದ ಪುಸ್ತಕ ಅದು. ಅಧೀನ ವಾಕ್ಯವೆಂಬುದು ದೊಡ್ಡ ವಾಕ್ಯದ ಪಕ್ಕದಲ್ಲಿ ನಿಂತ ಇನ್ನೊಂದು ವಾಕ್ಯವಲ್ಲ, ಅದರೊಳಗಿನ ಒಂದು ಅಂಗ ಎಂಬುದು ಅವನ ನಿಲುವು. ಒಂದು ನಾಮಪದ ಎಲ್ಲಿ ಕೂರಬಹುದೋ ಅಲ್ಲಿ ಒಂದು ಇಡೀ ವಾಕ್ಯ ಬಂದು ಕೂತಿದೆ, ಅಷ್ಟೇ. ಅಂಗವನ್ನು ಕತ್ತರಿಸಿ ತೆಗೆದ ಮೇಲೆ ಉಳಿದದ್ದಕ್ಕೆ ‘ಪ್ರಧಾನ’ ಎಂಬ ಹೆಸರಿಟ್ಟು ಅದರಲ್ಲಿ ಪೂರ್ಣತೆ ಹುಡುಕುವುದರಿಂದ ಲಾಭವಿಲ್ಲ ಎಂದು ಅವನು ಕಂಡುಕೊಂಡ. ಮುಖ್ಯ ವಿಚಾರ ಪ್ರಧಾನ ವಾಕ್ಯದಲ್ಲಿಯೇ ಇರುತ್ತದೆ ಎಂಬ ನಂಬಿಕೆಯನ್ನೂ ಅವನು ಒಪ್ಪಲಿಲ್ಲ. ‘ವಿ ವರ್ ಹ್ಯಾವಿಂಗ್ ಡಿನ್ನರ್ ವೆನ್ ದ ರೂಫ್ ಫೆಲ್ ಇನ್’ ಎಂಬಂಥ ವಾಕ್ಯ ಅವನ ಮಾತನ್ನು ಎತ್ತಿಹಿಡಿಯುತ್ತದೆ. ಊಟ ಪ್ರಧಾನ ವಾಕ್ಯದಲ್ಲಿದೆ, ಮಾಡು ಕುಸಿದದ್ದು ಅಧೀನ ವಾಕ್ಯದಲ್ಲಿದೆ. ಹೇಳುವವನಿಗೆ ಯಾವುದು ಮುಖ್ಯ ಎಂದು ಕೇಳುವ ಅಗತ್ಯವಿಲ್ಲ. ವ್ಯಾಕರಣದ ಪ್ರಾಧಾನ್ಯ ಬೇರೆ, ಸುದ್ದಿಯ ಪ್ರಾಧಾನ್ಯ ಬೇರೆ.

ನಂತರದ ದೊಡ್ಡ ವ್ಯಾಕರಣಗಳು ಈ ದಾರಿಯಲ್ಲೇ ನಡೆದವು. ಕ್ವರ್ಕ್, ಗ್ರೀನ್‌ಬಾಮ್, ಲೀಚ್, ಸ್ವಾರ್ತ್‌ವಿಕ್ ನಾಲ್ವರ 1985ರ ವ್ಯಾಕರಣವೂ, ಹಡಲ್‌ಸ್ಟನ್ ಮತ್ತು ಪುಲಮ್ ಸಂಪಾದಿಸಿದ 2002ರ ಕೇಂಬ್ರಿಜ್ ವ್ಯಾಕರಣವೂ ಅಧೀನ ವಾಕ್ಯವನ್ನು ಒಳಗೊಂಡ ಇಡೀ ರಚನೆಯನ್ನೇ ಮೇಲಿನ ಹಂತವೆಂದು ಎಣಿಸುತ್ತವೆ. ಈ ನೋಟದಲ್ಲಿ ‘ವಾಟ್ ಹಿ ಸೆಡ್ ಈಸ್ ಟ್ರೂ’ ಎಂಬ ಪೂರ್ತಿ ಸಾಲೇ ಪ್ರಧಾನ ವಾಕ್ಯ, ಅದರ ಕರ್ತೃಸ್ಥಾನದಲ್ಲಿ ಅಧೀನ ವಾಕ್ಯ ಕೂತಿದೆ. ಕರ್ತೃವಿಲ್ಲದ ‘ಈಸ್ ಟ್ರೂ’ ಎಂಬ ಅಂಗವಿಹೀನ ‘ಪ್ರಧಾನ’ವನ್ನು ಯಾರೂ ಸಮರ್ಥಿಸಬೇಕಾಗಿಲ್ಲ.

ಅರ್ಥವನ್ನು ಬಿಟ್ಟ ಮೇಲೆ ಕೈಗೆ ಸಿಗುವ ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಚುರುಕಾದದ್ದು ಬಾಲಪ್ರಶ್ನೆ, ಅಂದರೆ ಟ್ಯಾಗ್ ಕ್ವೆಶ್ಚನ್. ವಾಕ್ಯದ ಕೊನೆಗೆ ಬಾಲಪ್ರಶ್ನೆ ಸೇರಿಸಿದರೆ ಅದು ಪ್ರಧಾನ ವಾಕ್ಯದ ಕರ್ತೃವನ್ನೂ ಕ್ರಿಯೆಯನ್ನೂ ಹುಡುಕಿಕೊಂಡು ಹೋಗುತ್ತದೆ. ‘ಷಿ ಥಿಂಕ್ಸ್ ಹಿ ಈಸ್ ಎ ಡಾಕ್ಟರ್’ ಎಂಬುದಕ್ಕೆ ‘ಡಸಂಟ್ ಷಿ?’ ಎಂಬ ಬಾಲ ಒಪ್ಪುತ್ತದೆ, ‘ಇಸಂಟ್ ಹಿ?’ ಒಪ್ಪುವುದಿಲ್ಲ. ಹಾಗಾಗಿ ‘ಥಿಂಕ್ಸ್’ ಪ್ರಧಾನ ಕ್ರಿಯೆ. ‘ವೆನ್ ದ ರೇನ್ ಸ್ಟಾಪ್ಸ್, ದ ಬಾಯ್ಸ್ ವಿಲ್ ಪ್ಲೇ’ ಎಂಬುದರ ಬಾಲ ‘ವೋಂಟ್ ದೇ?’ ಮಳೆಯನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ. ‘ವಾಟ್ ಹಿ ಸೆಡ್ ಈಸ್ ಟ್ರೂ’ ಎಂಬುದಕ್ಕೆ ‘ಇಸಂಟ್ ಇಟ್?’ ಎನ್ನಬೇಕು. ಆ ‘ಇಟ್’ ಮೊದಲ ಮೂರು ಪದಗಳನ್ನು ಒಟ್ಟಾಗಿ ಕರ್ತೃವೆಂದು ಎತ್ತಿಕೊಂಡಿದೆ.

ಕನ್ನಡಿಗರಿಗೆ ಈ ಪರೀಕ್ಷೆ ಸಹಜವಾಗಿ ಹೊಳೆಯದಿರಲು ಕಾರಣವಿದೆ. ಕನ್ನಡದ ‘ಅಲ್ವಾ?’ ಯಾವ ವಾಕ್ಯದ ಕೊನೆಗೂ ಬದಲಾಗದೆ ಕೂರುತ್ತದೆ. ಕರ್ತೃ ಯಾರು, ಕ್ರಿಯೆ ಯಾವುದು ಎಂದು ಅದು ವಿಚಾರಿಸುವುದಿಲ್ಲ. ಅದೇ ಅಭ್ಯಾಸ ಇಂಗ್ಲಿಷಿಗೂ ಹೋಗಿ ‘ಇಸಂಟ್ ಇಟ್?’ ಎಂಬ ಒಂದೇ ಬಾಲವನ್ನು ಎಲ್ಲ ವಾಕ್ಯಗಳಿಗೂ ಅಂಟಿಸುವ ರೂಢಿ ಬಂತು. ಮಾತುಕತೆಯಲ್ಲಿ ಅದರಿಂದ ಯಾರಿಗೂ ನಷ್ಟವಿಲ್ಲ. ವಾಕ್ಯ ಬಿಡಿಸುವಾಗ ಮಾತ್ರ ಬಾಲ ಬದಲಾಗುವ ಇಂಗ್ಲಿಷೇ ಬೇಕು.

ಇಲ್ಲಿಂದ ಎರಡು ಭಾಷೆಗಳ ಕಟ್ಟಿನ ವ್ಯತ್ಯಾಸದತ್ತ ಹೊರಳುವುದು ಅನಿವಾರ್ಯ. ಕನ್ನಡದಲ್ಲಿ ಅಧೀನತೆ ಸಾಮಾನ್ಯವಾಗಿ ಕ್ರಿಯಾಪದದ ಮೈಮೇಲೆಯೇ ಕಾಣುತ್ತದೆ. ‘ಮಳೆ ಬಂದರೆ’, ‘ಮಳೆ ಬಂದರೂ’, ‘ಮಳೆ ಬಂದಾಗ’, ‘ಮಳೆ ಬಂದು’, ‘ಮಳೆ ಬಂದ ದಿನ’ ಇವುಗಳಲ್ಲಿ ಯಾವುದನ್ನು ಕೇಳಿದರೂ ಮಾತು ಇನ್ನೂ ಮುಗಿದಿಲ್ಲವೆಂದು ಗೊತ್ತಾಗುತ್ತದೆ. ‘ಮಳೆ ಬಂತು’ ಎಂದಾಗ ಮುಗಿಯಿತು. ಎಷ್ಟೇ ಉದ್ದದ ವಾಕ್ಯವಾದರೂ ಕೊನೆಯ ಪೂರ್ಣಕ್ರಿಯಾಪದ ಬಂದು ಬಾಗಿಲು ಹಾಕುತ್ತದೆ. ಇಂಗ್ಲಿಷಿನಲ್ಲಿ ‘ಇಟ್ ರೇನ್ಡ್’ ಎಂಬ ರೂಪ ಪ್ರಧಾನದಲ್ಲಿಯೂ ಅದೇ, ಅಧೀನದಲ್ಲಿಯೂ ಅದೇ. ‘ವೆನ್ ಇಟ್ ರೇನ್ಡ್’, ‘ದೋ ಇಟ್ ರೇನ್ಡ್’, ‘ಬಿಕಾಸ್ ಇಟ್ ರೇನ್ಡ್’ ಎಲ್ಲದರಲ್ಲೂ ಗುರುತು ಕ್ರಿಯೆಯ ಹೊರಗೆ, ವಾಕ್ಯಖಂಡದ ತಲೆಯ ಮೇಲೆ ಇದೆ. ಕೆಲವೊಮ್ಮೆ ಆ ಗುರುತೂ ಇರುವುದಿಲ್ಲ: ‘ಐ ಹರ್ಡ್ ಇಟ್ ರೇನ್ಡ್’ ಎಂಬಲ್ಲಿ ‘ದಟ್’ ಬಿದ್ದುಹೋಗಿದೆ. ಕನ್ನಡದ ‘ಎಂದು’ ಹೀಗೆ ಸುಲಭವಾಗಿ ಬಿದ್ದುಹೋಗುವುದಿಲ್ಲ, ಮೇಲಾಗಿ ಅದು ತಾನು ಕಟ್ಟುವ ವಾಕ್ಯದ ಹಿಂದೆ ಬರುತ್ತದೆ, ‘ದಟ್’ ಮುಂದೆ ಬರುತ್ತದೆ. ‘ನಿನ್ನೆ ಬಂದ ಹುಡುಗ’ ಎಂಬಲ್ಲಿ ವಿಶೇಷಣ ನಾಮಪದದ ಮುಂದೆ, ‘ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ’ ಎಂಬಲ್ಲಿ ಹಿಂದೆ. ಕನ್ನಡದ ಕಿವಿ ಕ್ರಿಯಾರೂಪದಲ್ಲಿ ಹುಡುಕುವ ಸುಳಿವನ್ನು ಇಂಗ್ಲಿಷ್ ಅಲ್ಲಿ ಇಟ್ಟಿಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವ್ಯತ್ಯಾಸವನ್ನು ಒಂದು ಪಿರಿಯಡ್ ಹೇಳಿಕೊಟ್ಟರೆ ಸಿಗುವ ಫಲ ಕಂಜಂಕ್ಷನ್‌ಗಳ ಪಟ್ಟಿಯನ್ನು ಒಂದು ತಿಂಗಳು ಬಾಯಿಪಾಠ ಮಾಡಿಸಿದರೂ ಸಿಗದು.

ಇಂಗ್ಲಿಷ್ ಯಾವಾಗಲೂ ಹೀಗಿರಲಿಲ್ಲ. ಆಲ್ಫ್ರೆಡ್ ದೊರೆಯ ಕಾಲದ, ಒಂಬತ್ತನೆಯ ಶತಮಾನದ ಹಳೆಯ ಇಂಗ್ಲಿಷಿನಲ್ಲಿ ‘ಥಾ’ ಎಂಬ ಒಂದೇ ಪದಕ್ಕೆ ‘ಆಗ’ ಎಂಬ ಅರ್ಥವೂ ಇತ್ತು, ‘ಯಾವಾಗಲೋ ಆಗ’ ಎಂದು ಮುಂದಿನ ಮಾತಿಗೆ ಕಾಯಿಸುವ ಅರ್ಥವೂ ಇತ್ತು. ಎರಡನ್ನೂ ಬೇರ್ಪಡಿಸಲು ಹೆಚ್ಚಾಗಿ ನೆರವಾಗುತ್ತಿದ್ದುದು ಕ್ರಿಯಾಪದದ ಜಾಗ. ‘ಥಾ’ದ ಬೆನ್ನಿಗೇ ಕ್ರಿಯೆ ಬಂದರೆ ಅದು ಪ್ರಧಾನ, ಕ್ರಿಯೆ ಕೊನೆಯತ್ತ ಸರಿದರೆ ಅಧೀನ. ಇಂದಿನ ಜರ್ಮನ್ ಭಾಷೆ ಅಧೀನ ವಾಕ್ಯದ ಕ್ರಿಯೆಯನ್ನು ಕೊನೆಗೆ ತಳ್ಳುವ ಪದ್ಧತಿಯನ್ನು ಈಗಲೂ ಉಳಿಸಿಕೊಂಡಿದೆ. ಇಂಗ್ಲಿಷಿನಲ್ಲಿ ಕರ್ತೃ, ಕ್ರಿಯೆ, ಕರ್ಮ ಎಂಬ ಒಂದೇ ಅನುಕ್ರಮ ಕ್ರಮೇಣ ಎರಡೂ ಬಗೆಯ ವಾಕ್ಯಗಳಲ್ಲಿ ಗಟ್ಟಿಯಾಯಿತು. ಕ್ರಿಯೆಯ ಜಾಗ ಹೇಳುತ್ತಿದ್ದ ಮಾತನ್ನು ಹೇಳುವ ಹೊರೆ ‘ವೆನ್’, ‘ದಟ್’, ‘ದೋ’ಗಳ ಮೇಲೆ ಬಿತ್ತು.

ಹಳೆಯ ವ್ಯವಸ್ಥೆಯ ನೆನಪು ಪ್ರಶ್ನೆಗಳಲ್ಲಿ ಉಳಿದಿದೆ, ಅದೇ ಎರಡನೆಯ ಪರೀಕ್ಷೆ. ‘ವೇರ್ ಈಸ್ ಹಿ?’ ಎಂಬಲ್ಲಿ ಕ್ರಿಯೆ ಕರ್ತೃವಿನ ಮುಂದೆ ಬಂದಿದೆ. ಹೀಗೆ ತಿರುಗಿದ ಪ್ರಶ್ನೆ ಸಾಮಾನ್ಯವಾಗಿ ಪ್ರಧಾನ ವಾಕ್ಯದ ಲಕ್ಷಣ. ಅದೇ ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಹೋದರೆ ನೇರವಾಗುತ್ತದೆ: ‘ಐ ಡೋಂಟ್ ನೋ ವೇರ್ ಹಿ ಈಸ್’. ‘ಅವನು ಎಲ್ಲಿದ್ದಾನೆ?’ ಎಂಬ ಕನ್ನಡದ ಪ್ರಶ್ನೆ ‘ಅವನು ಎಲ್ಲಿದ್ದಾನೋ ಗೊತ್ತಿಲ್ಲ’ ಎಂದಾಗ ಪದಗಳ ಜಾಗ ಬದಲಿಸುವುದಿಲ್ಲ, ‘ಓ’ಕಾರ ಸೇರಿಸಿಕೊಂಡು ಸುಮ್ಮನಾಗುತ್ತದೆ. ಹಾಗಾಗಿಯೇ ‘ಐ ಡೋಂಟ್ ನೋ ವೇರ್ ಈಸ್ ಹಿ’ ಎಂಬ ತಪ್ಪು ಕರ್ನಾಟಕದ ಉತ್ತರಪತ್ರಿಕೆಗಳಲ್ಲಿ ಸಾಯದೆ ಉಳಿದಿದೆ. ಒಂದು ಅಪವಾದವನ್ನು ಮಾತ್ರ ನೆನಪಿಡಬೇಕು. ‘ಹ್ಯಾಡ್ ಐ ನೋನ್, ಐ ವುಡ್ ಹ್ಯಾವ್ ಕಮ್’ ಎಂಬಲ್ಲಿ ತಿರುಗಿದ ಕ್ರಮವೇ ‘ಇಫ್’ನ ಕೆಲಸ ಮಾಡುತ್ತಿದೆ. ಅಲ್ಲಿ ತಿರುಗಿದ್ದು ಅಧೀನ, ನೇರವಾಗಿರುವುದು ಪ್ರಧಾನ.

ಮೂರನೆಯದು ಸ್ಥಾನಪಲ್ಲಟ. ‘ವಿ ವೆಂಟ್ ಔಟ್ ದೋ ಇಟ್ ರೇನ್ಡ್’ ಎಂಬುದನ್ನು ‘ದೋ ಇಟ್ ರೇನ್ಡ್, ವಿ ವೆಂಟ್ ಔಟ್’ ಎಂದು ತಿರುವಬಹುದು. ‘ಇಟ್ ರೇನ್ಡ್, ಬಟ್ ವಿ ವೆಂಟ್ ಔಟ್’ ಎಂಬುದನ್ನು ‘ಬಟ್ ವಿ ವೆಂಟ್ ಔಟ್, ಇಟ್ ರೇನ್ಡ್’ ಎಂದು ತಿರುವಲಾಗದು. ‘ದೋ’ ಅಧೀನ ಮಾಡುವ ಪದ, ‘ಬಟ್’ ಎರಡು ಸಮಾನರನ್ನು ಜೋಡಿಸುವ ಪದ. ಎರಡನ್ನೂ ಒಂದೇ ವಾಕ್ಯದಲ್ಲಿ ತುರುಕಿ ‘ದೋ ಇಟ್ ರೇನ್ಡ್, ಬಟ್ ವಿ ವೆಂಟ್ ಔಟ್’ ಎಂದರೆ ‘ಬಟ್’ಗೆ ಎಡಗಡೆ ಜೊತೆಯೇ ಇಲ್ಲದಂತಾಗುತ್ತದೆ. ‘ಹೌಎವರ್’, ‘ದೇರ್‌ಫೋರ್’ಗಳು ಇವೆರಡೂ ಅಲ್ಲ, ಬರಿಯ ಕ್ರಿಯಾವಿಶೇಷಣಗಳು. ತಮ್ಮ ವಾಕ್ಯದೊಳಗೆ ಎಲ್ಲಿ ಬೇಕಾದರೂ ಓಡಾಡುತ್ತವೆ, ಯಾವುದನ್ನೂ ಅಧೀನ ಮಾಡುವುದಿಲ್ಲ.

‘ಆಂಡ್’ ಕಂಡ ಕೂಡಲೇ ಎರಡು ಪ್ರಧಾನ ವಾಕ್ಯಗಳಿವೆ ಎಂದು ತೀರ್ಮಾನಿಸುವುದೂ ಆತುರ. ‘ಹಿ ಸೆಡ್ ದಟ್ ಹಿ ವಾಸ್ ಟಯರ್ಡ್ ಆಂಡ್ ದಟ್ ಹಿ ವಾಂಟೆಡ್ ಟು ಸ್ಲೀಪ್’ ಎಂಬಲ್ಲಿ ‘ಆಂಡ್’ ಜೋಡಿಸಿರುವುದು ಎರಡು ಅಧೀನ ವಾಕ್ಯಗಳನ್ನು. ಅಧೀನತೆಗೆ ಮೆಟ್ಟಿಲುಗಳೂ ಉಂಟು. ‘ಹಿ ಸೆಡ್ ದಟ್ ಹಿ ನ್ಯೂ ದ ಮ್ಯಾನ್ ಹೂ ಬಾಟ್ ದ ಹೌಸ್’ ಎಂಬಲ್ಲಿ ನಡುವಿನ ವಾಕ್ಯ ‘ಸೆಡ್’ಗೆ ಅಧೀನ, ‘ಹೂ ಬಾಟ್ ದ ಹೌಸ್’ಗೆ ಆಶ್ರಯ.

ಅಧೀನವೆಂದು ಗೊತ್ತಾದ ಮೇಲೆ ಅದು ನಾಮವಾಕ್ಯವೋ ವಿಶೇಷಣವಾಕ್ಯವೋ ಕ್ರಿಯಾವಿಶೇಷಣವಾಕ್ಯವೋ ಎಂಬ ಪ್ರಶ್ನೆ. ಇಲ್ಲಿಯೂ ಕಂಜಂಕ್ಷನ್‌ಗಳ ಪಟ್ಟಿ ಕೈಕೊಡುತ್ತದೆ. ‘ಟೆಲ್ ಮಿ ವೆನ್ ಹಿ ಕೇಮ್’ನಲ್ಲಿ ‘ವೆನ್’ ನಾಮವಾಕ್ಯವನ್ನು ತಂದಿದೆ, ‘ದ ಡೇ ವೆನ್ ಹಿ ಕೇಮ್’ನಲ್ಲಿ ವಿಶೇಷಣವಾಕ್ಯವನ್ನು, ‘ವಿ ಲೆಫ್ಟ್ ವೆನ್ ಹಿ ಕೇಮ್’ನಲ್ಲಿ ಕ್ರಿಯಾವಿಶೇಷಣವಾಕ್ಯವನ್ನು. ಪದ ಒಂದೇ, ಕೂತ ಜಾಗ ಬೇರೆ. ‘ದ ನ್ಯೂಸ್ ದಟ್ ಹಿ ಬ್ರಾಟ್’ ಮತ್ತು ‘ದ ನ್ಯೂಸ್ ದಟ್ ಹಿ ಹ್ಯಾಡ್ ವನ್’ ಇನ್ನೂ ಸೂಕ್ಷ್ಮ. ಮೊದಲನೆಯದರಲ್ಲಿ ‘ದಟ್’ ತೆಗೆದು ‘ವಿಚ್’ ಹಾಕಬಹುದು: ಅವನು ತಂದ ಸುದ್ದಿ. ಎರಡನೆಯದರಲ್ಲಿ ಹಾಕಲಾಗದು: ಅವನು ಗೆದ್ದನೆಂಬ ಸುದ್ದಿ. ಇಲ್ಲಿ ಮಾತ್ರ ಕನ್ನಡ ಬಲ್ಲವರಿಗೆ ಒಂದು ಅನುಕೂಲವಿದೆ. ಕನ್ನಡಕ್ಕೆ ತಿರುಗಿಸಿದಾಗ ‘ಎಂಬ’ ಬಂದರೆ ಅದು ನಾಮವಾಕ್ಯ, ಬರಿಯ ಕೃದಂತ ಬಂದರೆ ವಿಶೇಷಣವಾಕ್ಯ.

ಕೊನೆಗೆ ಉಳಿಯುವುದು ‘ಐ ಥಿಂಕ್’. ‘ಐ ಥಿಂಕ್ ಹಿ ಈಸ್ ಇಲ್’ ಎಂಬುದಕ್ಕೆ ಇಂಗ್ಲಿಷರು ‘ಡೋಂಟ್ ಐ?’ ಎಂಬ ಬಾಲ ಸೇರಿಸುವುದಿಲ್ಲ, ‘ಇಸಂಟ್ ಹಿ?’ ಎಂದೇ ಕೇಳುತ್ತಾರೆ. ಬಾಲಪ್ರಶ್ನೆ ಇಲ್ಲಿ ಕೈಕೊಟ್ಟಂತೆ ಕಂಡರೂ ಅದು ತೋರಿಸುತ್ತಿರುವುದು ನಿಜವನ್ನೇ. ಮಾತನಾಡುವವನು ತನ್ನ ಆಲೋಚನೆಯ ಬಗ್ಗೆ ಹೇಳುತ್ತಿಲ್ಲ, ಕಾಯಿಲೆಯ ಬಗ್ಗೆ ಹೇಳುತ್ತಿದ್ದಾನೆ. ರೂಪದಲ್ಲಿ ಪ್ರಧಾನವಾಗಿರುವ ‘ಐ ಥಿಂಕ್’ ಬಳಕೆಯಲ್ಲಿ ‘ಬಹುಶಃ’ ಎಂಬಷ್ಟು ಹಗುರಾಗಿದೆ. ‘ಹಿ ಈಸ್, ಐ ಥಿಂಕ್, ಇಲ್’ ಎಂದು ಅದನ್ನು ನಡುವೆ ಸೇರಿಸಿದಾಗ ರೂಪವೂ ಬದಲಾಗುತ್ತದೆ: ‘ಹಿ ಈಸ್ ಇಲ್’ ಪ್ರಧಾನ ವಾಕ್ಯವಾಗುತ್ತದೆ, ‘ಐ ಥಿಂಕ್’ ಟಿಪ್ಪಣಿಯಂತೆ ಪಕ್ಕಕ್ಕೆ ನಿಲ್ಲುತ್ತದೆ. ಹೀಗೆ ಪಕ್ಕಕ್ಕೆ ನಿಂತವನ್ನು 1985ರ ವ್ಯಾಕರಣ ‘ಕಾಮೆಂಟ್ ಕ್ಲಾಜ್’ ಎಂಬ ಪ್ರತ್ಯೇಕ ವರ್ಗಕ್ಕೆ ಸೇರಿಸುತ್ತದೆ.