ವಿದ್ಯುತ್ತು, ಕಾಂತತ್ವ, ಬೆಳಕು: ಪ್ರಾರಂಭಿಕ ಪಾಠಕ್ರಮದ ಒಂದು ವಿಮರ್ಶೆ

ಪದವಿ ತರಗತಿಗಳ ಪ್ರಾರಂಭಿಕ ಭೌತಶಾಸ್ತ್ರವನ್ನು ಎರಡು ಭಾಗಗಳಾಗಿ ಹಂಚುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಮೊದಲನೆಯ ಭಾಗ ಚಲನೆ, ಶಾಖ, ಶಬ್ದಗಳಿಗೆ ಮೀಸಲು; ಎರಡನೆಯದು ವಿದ್ಯುತ್ತು, ಕಾಂತತ್ವ, ಬೆಳಕುಗಳಿಗೆ. ಈ ಮೂರನ್ನು ಒಂದೇ ಕಟ್ಟಿನಲ್ಲಿ ಸೇರಿಸಿರುವುದೇಕೆಂದು ವಿದ್ಯಾರ್ಥಿಯನ್ನು ಕೇಳಿದರೆ, ಬೆಳಕು ವಿದ್ಯುತ್ಕಾಂತೀಯ ತರಂಗವಾದುದರಿಂದ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಹಾಗೆಂದು ನಂಬುವುದಕ್ಕೆ ಆಧಾರವೇನೆಂದು ಮತ್ತೆ ಕೇಳಿದರೆ ಉತ್ತರ ಬರುವುದು ಅಪೂರ್ವ. ಈ ಮೌನಕ್ಕೆ ವಿದ್ಯಾರ್ಥಿಯ ಆಲಸ್ಯವೊಂದೇ ಕಾರಣವಲ್ಲ, ಪಠ್ಯಗ್ರಂಥಗಳ ರಚನೆಯೂ ಕಾರಣವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

1960ರಲ್ಲಿ ಪ್ರಕಟವಾದ ಹ್ಯಾಲಿಡೇ ಮತ್ತು ರೆಸ್ನಿಕ್ ಅವರ ಗ್ರಂಥ ಈ ಬಗೆಯ ಪಾಠಕ್ರಮಕ್ಕೆ ಮಾದರಿಯಾಗಿ ನಿಂತಿದೆ. ಕೂಲಂಬನ ನಿಯಮದಿಂದ ಆರಂಭವಾಗಿ ಗೌಸನ ನಿಯಮ, ವಿಭವ, ಧಾರಕ, ಪ್ರವಾಹ, ಕಾಂತಕ್ಷೇತ್ರ, ಪ್ರೇರಣೆಗಳ ಮೂಲಕ ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಮುಟ್ಟಿ, ಅನಂತರ ಬೆಳಕಿನ ಅಧ್ಯಾಯಗಳಿಗೆ ಸಾಗುವ ಕ್ರಮ ಅದರದು. ಈ ಕ್ರಮದಲ್ಲಿ ತರ್ಕವಿದೆ, ಗಣಿತದ ಹದವಿದೆ. ಅದನ್ನು ಅನುಸರಿಸಿದ ಗ್ರಂಥಗಳಿಂದ ಹಲವು ತಲೆಮಾರಿನವರು ಕಲಿತಿದ್ದಾರೆ ಎಂಬುದು ನಿರ್ವಿವಾದ. ನಮ್ಮ ಆಕ್ಷೇಪವಿರುವುದು ಕ್ರಮದ ಮೇಲಲ್ಲ. ಈ ಮಾದರಿಯ ಬೋಧನೆಯಲ್ಲಿ ಸಾಮಾನ್ಯವಾಗಿ ಕಂಡುಬರುವ ಎರಡು ಸಡಿಲವಾದ ಬೆಸುಗೆಗಳ ಮೇಲೆ.

ಮೊದಲನೆಯದು ಬೆಳಕಿನ ವೇಗಕ್ಕೆ ಸಂಬಂಧಿಸಿದುದು. ತರಂಗ ಸಮೀಕರಣವನ್ನು ಸಾಧಿಸಿದ ಬಳಿಕ, ಶೂನ್ಯದ ವಿದ್ಯುತ್ ಸ್ಥಿರಾಂಕವನ್ನೂ ಕಾಂತ ಸ್ಥಿರಾಂಕವನ್ನೂ ಗುಣಿಸಿ, ವರ್ಗಮೂಲವನ್ನು ತೆಗೆದು, ಅದರ ವಿಲೋಮವನ್ನು ನೋಡಿರಿ ಎಂದು ವಿದ್ಯಾರ್ಥಿಗೆ ಹೇಳಲಾಗುತ್ತದೆ. ಕೋಷ್ಟಕದಲ್ಲಿ ಮೊದಲನೆಯದರ ಬೆಲೆ ಮೀಟರಿಗೆ 8.854 ಪಿಕೊಫ್ಯಾರಡ್, ಎರಡನೆಯದು ಮೀಟರಿಗೆ 1.2566 ಮೈಕ್ರೊಹೆನ್ರಿ. ಲೆಕ್ಕ ಸೆಕೆಂಡಿಗೆ 2.998 ಲಕ್ಷ ಕಿಲೋಮೀಟರ್ ಎಂದು ಮುಗಿಯುತ್ತದೆ. ವಿದ್ಯಾರ್ಥಿ ಬೆರಗಾಗಬೇಕೆಂಬುದು ಇಲ್ಲಿಯ ಅಪೇಕ್ಷೆ. ಆದರೆ 1983ರಲ್ಲಿ ಬೆಳಕಿನ ವೇಗವನ್ನು ಸೆಕೆಂಡಿಗೆ 29,97,92,458 ಮೀಟರ್ ಎಂದು ನಿಶ್ಚಯಿಸಿದ ಮೇಲೆ, ಕೋಷ್ಟಕದ ವಿದ್ಯುತ್ ಸ್ಥಿರಾಂಕವನ್ನು ಆ ವೇಗದಿಂದಲೇ ಲೆಕ್ಕಹಾಕಿ ಪಡೆಯಲಾಗುತ್ತಿದೆ. 2019ರಲ್ಲಿ ಮೂಲಮಾನಗಳ ನಿರೂಪಣೆ ಬದಲಾದಾಗಲೂ ಈ ಅವಲಂಬನೆ ತಪ್ಪಲಿಲ್ಲ. ಹೀಗಿರಲು, ಕೋಷ್ಟಕದ ಅಂಕಿಗಳಿಂದ ಬೆಳಕಿನ ವೇಗವನ್ನು ಕಂಡುಹಿಡಿಯುವುದೆಂದರೆ ನಾವೇ ಕಣಜದಲ್ಲಿ ಇಟ್ಟ ಕಾಳನ್ನು ನಾವೇ ಎತ್ತಿಕೊಂಡು ಬೆಳೆ ಬಂದಿತೆಂದು ಹಿಗ್ಗಿದಂತೆ. ಇದು ಪ್ರಮಾಣವಲ್ಲ, ಪುನರುಕ್ತಿ.

ಇತಿಹಾಸದಲ್ಲಿ ನಡೆದುದು ಬೇರೆ. 1856ರಲ್ಲಿ ವೆಬರ್ ಮತ್ತು ಕೋಲ್‌ರಾಷ್ ಎಂಬ ಜರ್ಮನ್ ವಿಜ್ಞಾನಿಗಳು ಲೇಡನ್ ಜಾಡಿಯಲ್ಲಿ ಸಂಗ್ರಹಿಸಿದ ಆವೇಶವನ್ನು ಎರಡು ಬಗೆಯ ಮಾನಗಳಲ್ಲಿ ಅಳೆದರು: ಸ್ಥಿರಾವಸ್ಥೆಯಲ್ಲಿ ಅದು ಬೀರುವ ಬಲದಿಂದ ಒಮ್ಮೆ, ಹರಿಯುವಾಗ ಅದು ತೋರುವ ಕಾಂತಪರಿಣಾಮದಿಂದ ಇನ್ನೊಮ್ಮೆ. ಎರಡು ಮಾನಗಳ ಪ್ರಮಾಣ ಸೆಕೆಂಡಿಗೆ 3,10,740 ಕಿಲೋಮೀಟರ್ ಎಂಬ ವೇಗಕ್ಕೆ ಸಮನಾಯಿತು. ಆ ಪ್ರಯೋಗದಲ್ಲಿ ಬೆಳಕಿನ ಪಾತ್ರವೇ ಇರಲಿಲ್ಲ. 1865ರ ತನ್ನ ಪ್ರಬಂಧದಲ್ಲಿ ಮ್ಯಾಕ್ಸ್‌ವೆಲ್ ಈ ಅಂಕಿಯನ್ನು ಬೆಳಕಿನ ವೇಗದ ನೇರ ಅಳತೆಗಳೊಡನೆ ಹೋಲಿಸಿದ: ಫಿಜೋವಿನ ಅಳತೆ 3,14,858, ಫೂಕೋವಿನದು 2,98,000. ಪರಸ್ಪರ ಸಂಬಂಧವಿಲ್ಲದ ಎರಡು ದಾರಿಗಳು ಒಂದೇ ಊರನ್ನು ಸೇರಿದವು. ಬೆಳಕು ವಿದ್ಯುತ್ಕಾಂತೀಯವೆಂಬ ಮಾತಿಗೆ ಬಲ ಬಂದುದು ಈ ಸ್ವತಂತ್ರತೆಯಿಂದ. ಪಾಠಕ್ರಮ ಕಳೆದುಕೊಂಡಿರುವುದೂ ಇದನ್ನೇ.

ಇದನ್ನು ಮರಳಿ ಪಡೆಯುವುದು ದುಸ್ಸಾಧ್ಯವೇನೂ ಅಲ್ಲ. ಬದಿಗೆ 20 ಸೆಂಟಿಮೀಟರ್ ಉಳ್ಳ ಎರಡು ಚೌಕ ಲೋಹಫಲಕಗಳನ್ನು 1 ಮಿಲಿಮೀಟರ್ ಅಂತರದಲ್ಲಿ ಎದುರುಬದುರಾಗಿ ನಿಲ್ಲಿಸಿ, 100 ವೋಲ್ಟಿಗೆ ತುಂಬಿ, ಸೆಕೆಂಡಿಗೆ 100 ಸಲ ಗ್ಯಾಲ್ವನೋಮೀಟರಿನ ಮೂಲಕ ಬರಿದುಮಾಡಿದರೆ, ಸರಾಸರಿ 3.5 ಮೈಕ್ರೊಆಂಪಿಯರಿನಷ್ಟು ಪ್ರವಾಹ ಕಾಣುತ್ತದೆ. ಅಳತೆಪಟ್ಟಿ, ವೋಲ್ಟ್‌ಮೀಟರು, ಗ್ಯಾಲ್ವನೋಮೀಟರುಗಳಿಂದ ವಿದ್ಯುತ್ ಸ್ಥಿರಾಂಕ ದೊರೆಯುತ್ತದೆ. ಸಮಾಂತರ ತಂತಿಗಳ ನಡುವಣ ಬಲವನ್ನು ತಕ್ಕಡಿಯಲ್ಲಿ ತೂಗಿದರೆ ಕಾಂತ ಸ್ಥಿರಾಂಕ ದೊರೆಯುತ್ತದೆ. ಫಲಕಗಳ ಅಂಚಿನಲ್ಲಿ ಕ್ಷೇತ್ರ ಹರಡುವುದರಿಂದ ನೂರಕ್ಕೆ ಐದರಷ್ಟು ದೋಷ ಉಳಿದರೂ ಚಿಂತೆಯಿಲ್ಲ. ವರ್ಗಮೂಲದ ದೆಸೆಯಿಂದ ವೇಗದಲ್ಲಿ ಅದು ಎರಡೂವರೆಗೆ ಇಳಿಯುತ್ತದೆ. ಕತ್ತಲೆಯ ಕೊಠಡಿಯಲ್ಲಿಯೂ ಮಾಡಬಹುದಾದ ಈ ಪ್ರಯೋಗದಿಂದ ಬೆಳಕಿನ ವೇಗ ಹೊರಬಂದಾಗ ವಿದ್ಯಾರ್ಥಿಗೆ ಆಗುವ ವಿಸ್ಮಯ ನಿಜವಾದುದು.

ಎರಡನೆಯ ಸಡಿಲ ಬೆಸುಗೆ ನೀರಿನದು. ಪಾರದರ್ಶಕ ವಸ್ತುವಿನ ವಕ್ರೀಭವನಾಂಕ ಅದರ ಪರಾವೈದ್ಯುತ ಸ್ಥಿರಾಂಕದ ವರ್ಗಮೂಲಕ್ಕೆ ಸಮನೆಂಬುದು ಮ್ಯಾಕ್ಸ್‌ವೆಲ್ಲನ ಸಿದ್ಧಾಂತದಿಂದ ಹೊರಡುವ ಫಲ. ಗಾಳಿಯ ಸ್ಥಿರಾಂಕ 1.00059, ಅದರ ವರ್ಗಮೂಲ 1.00029, ಅಳೆದ ವಕ್ರೀಭವನಾಂಕವೂ ಅದೇ. ಬೆಂಜೀನಿನ ಸ್ಥಿರಾಂಕ 2.28; ವರ್ಗಮೂಲ 1.51, ವಕ್ರೀಭವನಾಂಕ 1.50. ನೀರಿಗೆ ಬಂದರೆ ಸ್ಥಿರಾಂಕ ಸುಮಾರು 80, ವರ್ಗಮೂಲ ಸುಮಾರು 9, ವಕ್ರೀಭವನಾಂಕವಾದರೋ 1.33! ಧಾರಕಗಳ ಅಧ್ಯಾಯದ ಕೋಷ್ಟಕದಲ್ಲಿ 80 ಎಂದೂ ಮಸೂರಗಳಿಗೆ ಮುಂಚಿನ ಕೋಷ್ಟಕದಲ್ಲಿ 1.33 ಎಂದೂ ಅಚ್ಚಾಗಿರುತ್ತದೆ. ನಡುವೆ ನೂರಾರು ಪುಟಗಳ ಅಂತರವಿರುವುದರಿಂದ ಈ ಎರಡು ಅಂಕಿಗಳು ಮುಖಾಮುಖಿಯಾಗುವುದೇ ಇಲ್ಲ. ಅವನ್ನು ಜೊತೆಗಿಟ್ಟು ನೋಡಿದ ಚುರುಕು ವಿದ್ಯಾರ್ಥಿ, ಒಂದೋ ಸಿದ್ಧಾಂತ ಸುಳ್ಳು, ಇಲ್ಲವೇ ಬೆಳಕಿಗೂ ವಿದ್ಯುತ್ತಿಗೂ ಸಂಬಂಧವಿಲ್ಲ ಎಂದು ತೀರ್ಮಾನಿಸಿದರೆ ಅವನನ್ನು ದೂರುವಂತಿಲ್ಲ.

ಸಮಾಧಾನವಿದೆ, ಅದು ಬಹು ಸೊಗಸಾದುದು. ನೀರಿನ ಅಣು ಸ್ವಭಾವತಃ ದ್ವಿಧ್ರುವ. ಸ್ಥಿರಕ್ಷೇತ್ರದಲ್ಲಿ ಅಣುವೇ ಹೊರಳಿ ಕ್ಷೇತ್ರದ ದಿಕ್ಕಿಗೆ ಒಲಿಯುತ್ತದೆ. 80 ಎಂಬ ದೊಡ್ಡ ಬೆಲೆಗೆ ಅದೇ ಕಾರಣ. ಕ್ಷೇತ್ರ ಸೆಕೆಂಡಿಗೆ ಸುಮಾರು 2,000 ಕೋಟಿ ಸಲ ಆಂದೋಲಿಸುವ ವೇಳೆಗೆ ಅಣು ಹಿಂದೆ ಬೀಳತೊಡಗುತ್ತದೆ. ಬೆಳಕಿನ ಆವೃತ್ತಿ ಸೆಕೆಂಡಿಗೆ ಸುಮಾರು 500 ಲಕ್ಷ ಕೋಟಿ. ಅಲ್ಲಿ ಹಗುರವಾದ ಎಲೆಕ್ಟ್ರಾನುಗಳು ಮಾತ್ರ ಕ್ಷೇತ್ರದೊಡನೆ ಹೆಜ್ಜೆಹಾಕಬಲ್ಲವು. ಆದಕಾರಣ ಸ್ಥಿರಾಂಕವೆಂಬ ಹೆಸರೇ ದಾರಿತಪ್ಪಿಸುವಂಥದು; ಅದು ಆವೃತ್ತಿಯೊಡನೆ ಬದಲಾಗುವ ರಾಶಿ. ಪಟ್ಟಕದಲ್ಲಿ ಬಣ್ಣಗಳು ಬಿಚ್ಚಿಕೊಳ್ಳುವುದಕ್ಕೂ ಇದೇ ಮೂಲ. ಹೀಗೆ ವಿರೋಧವೆಂದು ತೋರಿದ ಅಂಕಿಗಳೇ ಮೂರು ವಿಷಯಗಳನ್ನು ಬಿಗಿಯುವ ಗಂಟಾಗುತ್ತವೆ. ಗ್ರಂಥಗಳು ಈ ಪ್ರಶ್ನೆಯನ್ನು ಬಚ್ಚಿಡುವುದಕ್ಕೆ ಬದಲಾಗಿ ಎದುರಿಗೆ ತಂದು ನಿಲ್ಲಿಸಬೇಕು.

ಈ ಕೊರತೆಯನ್ನು ತುಂಬಲು ಹೊರಟ ಗ್ರಂಥಗಳೂ ಇವೆ. ಫೈನ್‌ಮನ್ ಅವರ ಉಪನ್ಯಾಸಗಳ ಮೊದಲನೆಯ ಸಂಪುಟ (1963) ವಕ್ರೀಭವನಾಂಕದ ಹುಟ್ಟಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಎಲೆಕ್ಟ್ರಾನುಗಳ ಕಂಪನದಿಂದಲೇ ಅದನ್ನು ಸಾಧಿಸುತ್ತದೆ. ಆದರೆ ಅಲ್ಲಿ ಬಳಸಿದ ವಿಕಿರಣ ನಿಯಮವನ್ನು ವಿದ್ಯಾರ್ಥಿ ಮೊದಲು ನಂಬಿ ಸ್ವೀಕರಿಸಬೇಕು. ಅದರ ಆಧಾರ ಎರಡನೆಯ ಸಂಪುಟದಲ್ಲಿದೆ. 1965ರಲ್ಲಿ ಹೊರಬಂದ ಪರ್ಸೆಲ್ ಅವರ ಬರ್ಕ್‌ಲಿ ಮಾಲೆಯ ಸಂಪುಟ, ಕಾಂತಬಲವನ್ನು ಸಾಪೇಕ್ಷತಾ ಸಿದ್ಧಾಂತದಿಂದ ಪಡೆದು ವಿದ್ಯುತ್ತು ಕಾಂತತ್ವಗಳ ಐಕ್ಯವನ್ನು ಅಪೂರ್ವವಾಗಿ ಸ್ಥಾಪಿಸುತ್ತದೆ. ಬೆಳಕಿನ ವಿಸ್ತಾರವಾದ ವಿವೇಚನೆ ಮಾತ್ರ ಅದೇ ಮಾಲೆಯ ತರಂಗ ಸಂಪುಟಕ್ಕೆ ಉಳಿಯಿತು. ಅದು ಕ್ರಾಫರ್ಡ್ ಅವರಿಂದ 1968ರಲ್ಲಿ ಬಂದಿತು. ಎರಡನ್ನು ಬೆಸೆದವರು ಮೂರನೆಯದನ್ನು ಬೇರೆಯ ಮನೆಗೆ ಕಳುಹಿದರು.

ಈ ಬೆಸುಗೆಗೆ ನಮ್ಮ ದೇಶದಲ್ಲಿಯೇ ಒಂದು ಉತ್ತಮ ಮೇಲ್ಪಂಕ್ತಿಯಿದೆ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರಾಗಿದ್ದ ಜಗದೀಶಚಂದ್ರ ಬೋಸರು 1895ರಲ್ಲಿ ಕಿರಿಯ ಅಲೆಯುದ್ದದ ವಿದ್ಯುತ್ ತರಂಗಗಳನ್ನು ಸ್ಫಟಿಕಗಳಿಂದ ಧ್ರುವೀಕರಿಸಿದರು; ಗಂಧಕದ ವಕ್ರೀಭವನಾಂಕವನ್ನು ಅವುಗಳಿಂದಲೇ ಅಳೆದರು. ವಿದ್ಯುತ್ತಿನಿಂದ ಹುಟ್ಟಿದ ಅಲೆ ಬೆಳಕಿನ ನಡತೆಯನ್ನೆಲ್ಲ ತೋರುವುದನ್ನು ಕಂಡವನಿಗೆ ಬೇರೆ ವ್ಯಾಖ್ಯಾನ ಬೇಡ.

ಪರೀಕ್ಷೆಯ ಅವಧಿ ಕಿರಿದು, ಪಾಠ ಹಿರಿದು ಎಂಬ ಆಕ್ಷೇಪವನ್ನು ನಾವು ಬಲ್ಲೆವು. ದರ್ಪಣ ಮಸೂರಗಳ ಚಿಹ್ನಾನಿಯಮಗಳನ್ನು ಬಾಯಿಪಾಠ ಮಾಡಿಸುವುದಕ್ಕೆ ವ್ಯಯವಾಗುವ ಗಂಟೆಗಳಲ್ಲಿ ಮೂರನ್ನು ಉಳಿಸಿದರೆ, ಮೇಲೆ ಹೇಳಿದ ಪ್ರಯೋಗಕ್ಕೂ ನೀರಿನ ಪ್ರಶ್ನೆಗೂ ಎಡೆಯಾಗುತ್ತದೆ. ಬೆಳಕು ಏನೆಂಬ ವಾಕ್ಯವನ್ನು ಒಪ್ಪಿಸಿದ ಮಾತ್ರಕ್ಕೆ ವಿದ್ಯಾರ್ಥಿ ಭೌತಶಾಸ್ತ್ರವನ್ನು ಕಲಿತಂತಾಗದು. ಆ ವಾಕ್ಯಕ್ಕೆ ಕಾರಣವನ್ನು ತಾನೇ ಕೊಡಬಲ್ಲವನಾದಾಗ ಕಲಿತಂತೆ. ಪಾಠಕ್ರಮದ ಯೋಗ್ಯತೆಯನ್ನು ನಾವು ಅಳೆಯಬೇಕಾದುದು ಇದರಿಂದಲೇ.